ಈ ಆಯತ್ ಇಳಿದದ್ದು ಯಾಕೆ? ಸಬಬುನ್ನುಝೂಲ್ ವರದಿಗಳನ್ನು ಪರಿಶೀಲಿಸುವ ಸಮಗ್ರ ಮಾರ್ಗದರ್ಶಿ

ಥಅಲಬಾ ಬಿನ್ ಹಾತಿಬ್ ಅವರ ಕತೆ ನೀವು ಕೇಳಿರುತ್ತೀರಿ. ರಮಝಾನಿನಲ್ಲಿ ಝಕಾತಿನ ಮಾತು ಬಂದರೆ ಈ ಕತೆಯೂ ಬರುತ್ತದೆ. ಬಡವರೊಬ್ಬರು ಪ್ರವಾದಿವರ್ಯರ (ಸ) ಬಳಿ ಬಂದು, ನನಗೆ ಸಂಪತ್ತು ಸಿಗಲೆಂದು ದುಆ ಮಾಡಿ ಅನ್ನುತ್ತಾರೆ. ಹೊರಲಾಗದಷ್ಟು ಇರುವುದಕ್ಕಿಂತ ಶುಕ್ರ್ (ಕೃತಜ್ಞತೆ) ಮಾಡಬಲ್ಲಷ್ಟು ಸ್ವಲ್ಪ ಇದ್ದರೆ ಒಳ್ಳೆಯದು ಎಂದರೂ ಕೇಳುವುದಿಲ್ಲ. ದುಆ ಆಗುತ್ತದೆ. ಕುರಿಗಳು ಹುಳುಗಳ ಹಾಗೆ ಹೆಚ್ಚುತ್ತವೆ. ಮದೀನಾದಲ್ಲಿ ಜಾಗ ಸಾಲದೆ ಊರಾಚೆಯ ಕಣಿವೆಗೆ ಹೋಗುತ್ತಾರೆ. ಮೊದಲು ಜಮಾಅತ್ (ಸಾಮೂಹಿಕ ನಮಾಝ್) ತಪ್ಪುತ್ತದೆ, ಆಮೇಲೆ ಜುಮಾ. ಝಕಾತ್ ವಸೂಲಿಗೆ ಬಂದವರಿಗೆ, ಇದೂ ಜಿಝಿಯಾ (ಮುಸ್ಲಿಮೇತರರ ಮೇಲಿನ ತೆರಿಗೆ) ಥರವೇ ಅಲ್ವಾ ಅಂದುಬಿಡುತ್ತಾರೆ. ಆಗಲೇ ಕುರ್‌ಆನಿನ ಸೂರಾ (ಅಧ್ಯಾಯ) ತೌಬಾದ 75ರಿಂದ 77ನೇ ಆಯತ್‌ಗಳು (ವಚನಗಳು) ಇಳಿದವು ಎನ್ನುತ್ತದೆ ಕತೆ.

ಕೇಳಲು ಚೆನ್ನಾಗಿದೆ. ಆದರೆ ಥಅಲಬಾ ಬದ್ರ್ ಯುದ್ಧದಲ್ಲಿ ಭಾಗವಹಿಸಿದ ಸಹಾಬಿ, ಅಂದರೆ ಪ್ರವಾದಿವರ್ಯರ ಸಂಗಾತಿ. ಅಂಥವರ ಮೇಲೆ ಕಪಟದ ಹಣೆಪಟ್ಟಿ ಹಚ್ಚುವ ಈ ವರದಿಯ ಸನದ್, ಅಂದರೆ ಹೇಳಿದವರ ಸರಪಳಿ, ತೀರಾ ದುರ್ಬಲ. ಇಬ್ನು ಹಝ್ಮ್ ಇದನ್ನು ಬಾತಿಲ್ (ಸುಳ್ಳು) ಎಂದರು. ಇಬ್ನು ಹಜರ್ ಅಸ್ಖಲಾನಿ ಕೂಡ ಒಪ್ಪಲಿಲ್ಲ. ಆದರೂ ಕತೆ ನಿಲ್ಲಲಿಲ್ಲ.

ಆಯತ್ ಇಳಿದ ಹಿನ್ನೆಲೆಯನ್ನು ಹೇಳುವ ಇಂಥ ವರದಿಗಳಿಗೆ ಅಸ್ಬಾಬುನ್ನುಝೂಲ್ ಎಂದು ಹೆಸರು. ಒಂದಾದರೆ ಸಬಬ್, ಅಂದರೆ ಕಾರಣ. ಇವನ್ನು ಪರಿಶೀಲಿಸುವಾಗ ಒಂದು ವಿಷಯ ಬಿಗಿಯಾಗಿ ಹಿಡಿದುಕೊಳ್ಳಿ. ಘಟನೆ ಬೇರೆ, ಅದನ್ನು ಆಯತ್‌ಗೆ ಕಟ್ಟಿದ ಗಂಟು ಬೇರೆ. ಘಟನೆ ನೂರಕ್ಕೆ ನೂರು ನಡೆದಿರಬಹುದು, ಗಂಟು ಮಾತ್ರ ಆಮೇಲೆ ಯಾರೋ ಹಾಕಿದ್ದಿರಬಹುದು. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಬಹಳಷ್ಟು ಜನ ಎಡವುವುದು ಇಲ್ಲೇ.

ಇಷ್ಟೆಲ್ಲ ಯಾಕೆ?

ಸಹಾಬಿಗಳ ನಂತರದ ತಲೆಮಾರಿನ ವಿದ್ವಾಂಸ ಉರ್ವಾ ಬಿನ್ ಝುಬೈರ್ ಅವರಿಗೇ ಒಮ್ಮೆ ಗೊಂದಲವಾಗಿತ್ತು. ಮಕ್ಕಾದ ಸಫಾ ಮರ್ವಾ ಗುಡ್ಡಗಳ ನಡುವೆ ಓಡಾಡಿದರೆ "ತಪ್ಪೇನಿಲ್ಲ" ಎನ್ನುತ್ತದೆ ಸೂರಾ ಬಕರಾದ 158ನೇ ಆಯತ್. ಹಾಗಾದರೆ ಓಡಾಡದಿದ್ದರೂ ನಡೆಯುತ್ತದೆ ಎಂದು ಅವರು ಅರ್ಥ ಮಾಡಿಕೊಂಡರು. ಚಿಕ್ಕಮ್ಮ, ಪ್ರವಾದಿವರ್ಯರ ಪತ್ನಿ ಆಯಿಶಾ (ರ) ತಿದ್ದಿದರು: ಅಕ್ಕನ ಮಗನೇ, ನೀನು ಹೇಳಿದ್ದು ಸರಿಯಲ್ಲ, ನಿನ್ನ ಅರ್ಥ ಬರಬೇಕಿದ್ದರೆ "ಓಡಾಡದಿದ್ದರೆ ತಪ್ಪೇನಿಲ್ಲ" ಎಂದಿರಬೇಕಿತ್ತು. ಮದೀನಾದ ಅನ್ಸಾರ್‌ಗಳು ಇಸ್ಲಾಮಿಗೆ ಮೊದಲು ಮುಶಲ್ಲಲ್ ಎಂಬಲ್ಲಿದ್ದ ಮನಾತ್ ವಿಗ್ರಹದ ಹೆಸರಿನಲ್ಲಿ ಯಾತ್ರೆ ಹೊರಡುತ್ತಿದ್ದರು. ಹಾಗಾಗಿ ಸಫಾ ಮರ್ವಾ ಓಡಾಡಲು ಅವರಿಗೆ ಅಳುಕು. ಆ ಅಳುಕು ತೆಗೆಯಲು ಬಂದದ್ದು "ತಪ್ಪೇನಿಲ್ಲ" ಎಂಬ ಮಾತು. ಇಮಾಂ ಬುಖಾರಿ ಸಂಗ್ರಹಿಸಿದ ಹದೀಸ್ (ಪ್ರವಾದಿವರ್ಯರ ನಡೆ ನುಡಿಗಳ ವರದಿ) ಗ್ರಂಥದಲ್ಲಿ ಈ ಸಂಭಾಷಣೆ ಇದೆ. ಸಬಬ್ ಗೊತ್ತಿಲ್ಲದಿದ್ದರೆ ಹಜ್ಜಿನ ಒಂದು ಕರ್ಮವೇ ಐಚ್ಛಿಕ ಆಗಿಬಿಡುತ್ತಿತ್ತು.

ಈ ಉರ್ವಾ ಅವರನ್ನು ನೆನಪಿಟ್ಟುಕೊಳ್ಳಿ. ತಾಯಿ ಅಸ್ಮಾ, ತಂದೆ ಝುಬೈರ್, ಚಿಕ್ಕಮ್ಮ ಆಯಿಶಾ. ಮುಂದೆ ಇದೇ ಮನೆಯ ಇನ್ನೂ ಮೂರು ವರದಿಗಳು ಬರುತ್ತವೆ. ಮನೆ ಒಂದೇ, ಆದರೆ ತೂಕ ಒಂದೇ ಅಲ್ಲ.

ಹಂತ 1: ಮಾತು ಎಲ್ಲಿಂದ ಬಂತು?

"ಈ ಆಯತ್ ಇಂಥವರ ಬಗ್ಗೆ ಇಳಿಯಿತು" ಎಂದು ಯಾರಾದರೂ ಹೇಳಿದರೆ ಮೊದಲು ಮೂರು ವಿಷಯ ಬರೆದಿಟ್ಟುಕೊಳ್ಳಿ: ಯಾವ ಆಯತ್, ಯಾವ ಗ್ರಂಥ, ಹೇಳಿದ ಸಹಾಬಿ ಅಥವಾ ತಾಬಿಈ (ಸಹಾಬಿಗಳ ನಂತರದ ತಲೆಮಾರಿನವರು) ಯಾರು. ಮೂರರಲ್ಲಿ ಒಂದೂ ಇಲ್ಲದ ಫಾರ್ವರ್ಡ್ ಆದರೆ ಅಲ್ಲೇ ಬಿಡಿ.

ಈ ವಿಷಯಕ್ಕೇ ಮೀಸಲಾದ ಗ್ರಂಥಗಳಲ್ಲಿ ಎರಡು ಹೆಸರು ಜಾಸ್ತಿ ಕೇಳಿಬರುತ್ತವೆ. ನಿಶಾಪುರದ ವಾಹಿದಿ (ನಿಧನ 1076) ಬರೆದ ಅಸ್ಬಾಬುನ್ನುಝೂಲ್, ಕೈರೋದ ಸುಯೂತಿ (ನಿಧನ 1505) ಬರೆದ ಲುಬಾಬುನ್ನುಕೂಲ್. ಇವೆರಡನ್ನೂ ವಿಳಾಸ ಹುಡುಕಲು ಬಳಸಿ, ತೀರ್ಪಿಗಲ್ಲ. ಆಯತ್ ಇಳಿದುದನ್ನು ಕಂಡವರಿಂದ ಬಂದ ವರದಿ ಇಲ್ಲದೆ ಈ ವಿಷಯದಲ್ಲಿ ಮಾತಾಡಲೇಬಾರದು ಎಂದು ವಾಹಿದಿ ಮುನ್ನುಡಿಯಲ್ಲೇ ಎಚ್ಚರಿಸುತ್ತಾರೆ. ಆದರೆ ಅದೇ ಪುಸ್ತಕದೊಳಗೆ ಸುಳ್ಳುಗಾರ ಎಂಬ ಆರೋಪ ಹೊತ್ತ ಕಲ್ಬಿಯಂಥವರ ವರದಿಗಳನ್ನೂ ತುಂಬಿಸಿದ್ದಾರೆ! ಸನದ್ ಕೊಟ್ಟಿದ್ದೇನೆ, ನೀವೇ ನೋಡಿಕೊಳ್ಳಿ ಎಂಬುದು ಹಳೆಯ ಸಂಗ್ರಾಹಕರ ಪದ್ಧತಿ.

ಅರಬಿ ಬಾರದವರೂ ಇಷ್ಟು ಮಾಡಬಹುದು. ಅಲ್‌ತಫ್ಸೀರ್ ಡಾಟ್ ಕಾಮ್‌ನಲ್ಲಿ ವಾಹಿದಿಯ ಇಂಗ್ಲಿಷ್ ಅನುವಾದ ಇದೆ. ಸುನ್ನಾ ಡಾಟ್ ಕಾಮ್‌ನಲ್ಲಿ ಬುಖಾರಿ, ಮುಸ್ಲಿಂ, ತಿರ್ಮಿದಿ ಎಂಬ ಹದೀಸ್ ಸಂಗ್ರಹಗಳು ಸಿಗುತ್ತವೆ. ಅರಬಿ ಓದಬಲ್ಲವರಿಗೆ ಶಾಮಿಲಾ ಸಾಫ್ಟ್‌ವೇರ್ ಒಂದೇ ಸಾಕು, ಇಡೀ ಗ್ರಂಥಾಲಯ ಅದರಲ್ಲಿದೆ.

ಇನ್ನೊಂದು ಮಾತು. ಕುರ್‌ಆನಿನಲ್ಲಿ 6,000ಕ್ಕೂ ಹೆಚ್ಚು ಆಯತ್‌ಗಳಿವೆ. ಬಹುಪಾಲಿಗೆ ಇಂಥದ್ದೇ ಎನ್ನುವ ಸಬಬ್ ಇಲ್ಲ. ಪ್ರತಿ ಆಯತ್‌ಗೂ ಒಂದೊಂದು ಕತೆ ಹೇಳುವವರು ಸಿಕ್ಕರೆ ಸ್ವಲ್ಪ ಹುಷಾರು.

ಹಂತ 2: ವರದಿಯ ಪದಗಳನ್ನು ಕಿವಿಗೊಟ್ಟು ಕೇಳಿ

ನನ್ನ ಪ್ರಕಾರ ಇದೇ ಮುಖ್ಯ ಹಂತ. ಇದಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಕಿಲ್ಲ, ಗಮನ ಬೇಕು.

ಘಟನೆ ಹೇಳಿ, ಅಥವಾ ಯಾರೋ ಕೇಳಿದ ಪ್ರಶ್ನೆ ಹೇಳಿ, ಅದರ ಬೆನ್ನಿಗೇ "ಫ ಅನ್ಝಲಲ್ಲಾಹು", "ಫ ನಝಲತ್" ಎಂದಿದ್ದರೆ, ಅಂದರೆ "ಆಗ ಅಲ್ಲಾಹನು ಇಳಿಸಿದನು", "ಆಗ ಇಳಿಯಿತು" ಎಂದಿದ್ದರೆ, ಅದು ನೇರ ಸಬಬ್. ಆ "ಫ" ಎಂಬ ಒಂದಕ್ಷರವೇ ಗಂಟು.

"ನಝಲತ್ ಫೀ ಕದಾ", ಅಂದರೆ "ಇಂಥದ್ದರ ಬಗ್ಗೆ ಇಳಿಯಿತು" ಎಂದಷ್ಟೇ ಇದ್ದರೆ ಎರಡು ಅರ್ಥ ಸಾಧ್ಯ. ಇದೇ ಕಾರಣಕ್ಕೆ ಇಳಿಯಿತು ಎನ್ನುವುದು ಒಂದು. ಕಾರಣ ಬೇರೆಯಾಗಿದ್ದರೂ ಆಯತಿನ ಅರ್ಥ ಇದಕ್ಕೂ ಅನ್ವಯಿಸುತ್ತದೆ ಎನ್ನುವುದು ಇನ್ನೊಂದು. ಇಬ್ನು ತೈಮಿಯಾ (ನಿಧನ 1328) ಇದನ್ನು ಬಿಡಿಸಿ ಹೇಳಿದ್ದಾರೆ. ನಾವೂ ಹಾಗೆಯೇ ಮಾತಾಡುತ್ತೇವಲ್ಲ. ಜಿಪುಣನೊಬ್ಬನನ್ನು ನೋಡಿ, ಈ ಗಾದೆ ಇವನಿಗೇ ಹೇಳಿದ್ದು ಅನ್ನುತ್ತೇವೆ. ಗಾದೆ ಹುಟ್ಟಿದಾಗ ಅವನ ಮುತ್ತಜ್ಜನೂ ಹುಟ್ಟಿರಲಿಲ್ಲ.

ಮೂರನೆಯದು ಊಹೆ. ಉರ್ವಾ ಅವರ ಮನೆಯ ಎರಡನೇ ವರದಿ ಇದಕ್ಕೆ ಒಳ್ಳೆಯ ಉದಾಹರಣೆ. ಮದೀನಾದ ಹರ್ರಾ ಎಂಬ ಕಲ್ಲುಭೂಮಿಯಲ್ಲಿ ಹರಿಯುವ ಕಾಲುವೆ ನೀರಿಗಾಗಿ ಅವರ ತಂದೆ ಝುಬೈರ್‌ಗೂ ಒಬ್ಬ ಅನ್ಸಾರಿಗೂ ಜಗಳ. ಝುಬೈರ್ ತೋಟ ಮೇಲೆ, ಅನ್ಸಾರಿಯದು ಕೆಳಗೆ. ಕಾಲುವೆ ಕೊನೆಯ ಜಮೀನಿನವರ ಗೋಳು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ನೀನು ಹಾಯಿಸಿಕೊಂಡು ನೆರೆಯವನಿಗೆ ಬಿಡು ಎಂದರು ಪ್ರವಾದಿವರ್ಯರು. ಅವನು ನಿಮ್ಮ ಅತ್ತೆಯ ಮಗನಲ್ವಾ, ಅದಕ್ಕೇ ಎಂದು ಅನ್ಸಾರಿ ಕೊಂಕು ನುಡಿದ. ಪ್ರವಾದಿವರ್ಯರ ಮುಖದ ಬಣ್ಣ ಬದಲಾಯಿತು. ಹಾಗಾದರೆ ನೀರು ಬದುವಿನ ಮಟ್ಟಕ್ಕೆ ಬರುವ ತನಕ ತಡೆದುಕೋ ಎಂದು ಝುಬೈರ್‌ಗೆ ಅವರ ಪೂರ್ತಿ ಹಕ್ಕು ಕೊಟ್ಟರು. ಕೊನೆಯಲ್ಲಿ ಝುಬೈರ್ ಹೇಳುವುದು: ಅಲ್ಲಾಹನಾಣೆ, ಸೂರಾ ನಿಸಾದ 65ನೇ ಆಯತ್ ಇದರ ಬಗ್ಗೆಯೇ ಇಳಿಯಿತು ಎಂದು ನಾನು ಭಾವಿಸುತ್ತೇನೆ.

ಘಟನೆ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಅದರಲ್ಲಿ ಸಂದೇಹವಿಲ್ಲ. ಗಂಟನ್ನು ಮಾತ್ರ ಸ್ವತಃ ಜಗಳ ಆಡಿದ ಮನುಷ್ಯನೇ ಸಡಿಲ ಬಿಟ್ಟಿದ್ದಾರೆ. ನೀವು ಇದನ್ನು ಬೇರೆಯವರಿಗೆ ಹೇಳುವಾಗ ಆ "ಭಾವಿಸುತ್ತೇನೆ" ಬಿಟ್ಟುಹೋಗದಿರಲಿ.

ಇದೇ ಆಯತ್‌ಗೆ ಇನ್ನೊಂದು ಕತೆಯೂ ಇದೆ. ಪ್ರವಾದಿ ತೀರ್ಪು ಒಪ್ಪದೆ ಬಂದ ಒಬ್ಬನನ್ನು ಉಮರ್ ಕತ್ತಿಯಿಂದ ಕೊಂದರು ಎಂಬ ಕತೆ. ಹೇಳಲು ರೋಚಕ, ಸನದ್ ಕಡಿದಿದೆ. ತಫ್ಸೀರ್ (ಕುರ್‌ಆನ್ ವ್ಯಾಖ್ಯಾನ) ಬರೆದ ಇಬ್ನು ಕಸೀರ್ ಅದನ್ನು ಉಲ್ಲೇಖಿಸಿ ದುರ್ಬಲ ಎಂದೇ ಬರೆದಿದ್ದಾರೆ.

ಹಂತ 3: ಹೇಳಿದವರು ಅಲ್ಲಿದ್ದರೇ?

ಆಯತ್ ಇಳಿಯುವಾಗ ಹತ್ತಿರವಿದ್ದ ಸಹಾಬಿ ಹೇಳಿದರೆ ಅದಕ್ಕೆ ಪ್ರವಾದಿವರೆಗೆ ಮುಟ್ಟುವ ಹದೀಸಿನ ಸ್ಥಾನ. ಹದೀಸ್ ವಿದ್ವಾಂಸರಾದ ಹಾಕಿಮ್ ಮತ್ತು ಇಬ್ನು ಸಲಾಹ್ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ.

ಸಹಾಬಿ ಆಗಿದ್ದೂ ಅಲ್ಲಿರಲಿಲ್ಲ ಎಂದರೆ? ಪ್ರವಾದಿವರ್ಯರು ಸಫಾ ಗುಡ್ಡ ಹತ್ತಿ ಕುರೈಶರನ್ನು ಕರೆದದ್ದು, ಅಬೂ ಲಹಬ್ ಶಪಿಸಿದ್ದು, ಸೂರಾ ಮಸದ್ ಇಳಿದದ್ದು ಇಬ್ನು ಅಬ್ಬಾಸ್ ಮೂಲಕ ಬುಖಾರಿಯಲ್ಲಿ ಬಂದಿದೆ. ಇಬ್ನು ಅಬ್ಬಾಸ್ ಹುಟ್ಟಿದ್ದು ಪ್ರವಾದಿವರ್ಯರ ಮದೀನಾ ವಲಸೆಗೆ, ಅಂದರೆ ಹಿಜರತ್‌ಗೆ ಸುಮಾರು 3 ವರ್ಷ ಮುಂಚೆ. ಘಟನೆ ನಡೆದಾಗ ಅವರು ಹುಟ್ಟಿಯೇ ಇರಲಿಲ್ಲ. ಸಹಾಬಿಗಳು ಕೇಳಿದ್ದು ಇನ್ನೊಬ್ಬ ಸಹಾಬಿಯಿಂದಲೇ ಇರುತ್ತದೆ ಎಂಬ ನೆಲೆಯಲ್ಲಿ ಹದೀಸ್ ವಿದ್ವಾಂಸರು ಇಂಥದ್ದನ್ನು ಒಪ್ಪುತ್ತಾರೆ. ಆದರೆ ಬೇರೆ ವರದಿಯೊಂದಿಗೆ ತಾಕಲಾಟ ಬಂದರೆ ಕಣ್ಣಾರೆ ಕಂಡವರ ಮಾತಿಗೇ ಮೊದಲ ಮಣೆ.

ತಾಬಿಈಗಳು, ಅಂದರೆ ಸಹಾಬಿಗಳ ನಂತರದ ತಲೆಮಾರಿನವರು ಹೇಳಿದರೆ ಅದು ಮುರ್ಸಲ್. ನಡುವೆ ಒಂದು ಕೊಂಡಿ ಇಲ್ಲ. ಸುಯೂತಿ ಇದಕ್ಕೆ ಷರತ್ತು ಹಾಕುತ್ತಾರೆ: ಅವರವರೆಗಿನ ಸನದ್ ಸರಿಯಿರಬೇಕು, ಜೊತೆಗೆ ಮುಜಾಹಿದ್, ಇಕ್ರಿಮಾ, ಸಈದ್ ಬಿನ್ ಜುಬೈರ್ ಅವರ ಹಾಗೆ ಸಹಾಬಿಗಳಿಂದ ತಫ್ಸೀರ್ ಕಲಿತವರಾಗಿರಬೇಕು, ಅಥವಾ ಇನ್ನೊಂದು ಮುರ್ಸಲ್ ವರದಿಯ ಬೆಂಬಲವಿರಬೇಕು. ತಾಬಿಈಗಳೇ ಈ ವಿಷಯದಲ್ಲಿ ಅಂಜುತ್ತಿದ್ದರು. ಇಬ್ನು ಸೀರೀನ್ ಒಮ್ಮೆ ಅಬೀದಾ ಸಲ್ಮಾನಿಯವರಲ್ಲಿ ಒಂದು ಆಯತಿನ ಬಗ್ಗೆ ಕೇಳಿದಾಗ ಸಿಕ್ಕ ಉತ್ತರ: ಅಲ್ಲಾಹನನ್ನು ಭಯಪಡು, ನೇರವಾಗಿ ಮಾತಾಡು, ಕುರ್‌ಆನ್ ಯಾತಕ್ಕೆ ಇಳಿಯಿತೆಂದು ಬಲ್ಲವರು ಹೊರಟುಹೋದರು.

ಹಂತ 4: ಸನದಿನ ಹೆಸರುಗಳು

ಪ್ರತಿ ಹೆಸರನ್ನೂ ಇಬ್ನು ಹಜರ್ ಅವರ ತಖ್ರೀಬುತ್ತಹ್ದೀಬ್‌ನಲ್ಲಿ ನೋಡಿ. ಒಬ್ಬೊಬ್ಬರಿಗೆ ಒಂದೆರಡು ಸಾಲು, ಅಷ್ಟರಲ್ಲೇ ದರ್ಜೆ ಸಿಗುತ್ತದೆ. ವಿವರ ಬೇಕಾದರೆ ಮಿಝ್ಝಿ, ದಹಬಿ ಅವರ ದೊಡ್ಡ ಗ್ರಂಥಗಳಿವೆ.

ಥಅಲಬಾ ಕತೆಯನ್ನೇ ಹಿಡಿಯೋಣ. ಮುಆನ್ ಬಿನ್ ರಿಫಾಆ, ಅವರು ಅಲೀ ಬಿನ್ ಯಝೀದ್ ಅಲ್‌ಹಾನಿಯಿಂದ, ಅವರು ಖಾಸಿಮ್‌ರಿಂದ, ಅವರು ಸಹಾಬಿ ಅಬೂ ಉಮಾಮಾರಿಂದ. ಎರಡನೇ ಹೆಸರಿನಲ್ಲೇ ಸರಪಳಿ ತುಂಡಾಗುತ್ತದೆ. ಅಲೀ ಬಿನ್ ಯಝೀದ್ ಬಗ್ಗೆ ಬುಖಾರಿಯವರ ಮಾತು "ಮುನ್ಕರುಲ್ ಹದೀಸ್". ಬುಖಾರಿ ಮೆತ್ತಗೆ ಮಾತಾಡುವವರು. ಅವರ ಬಾಯಲ್ಲಿ ಈ ಪದ ಬಂತೆಂದರೆ ಆ ವರದಿಗಾರನನ್ನು ಬಿಟ್ಟುಬಿಡಿ ಎಂದೇ ಅರ್ಥ.

ಮತ್ತೆ ಮತ್ತೆ ಎದುರಾಗುವ ಕೆಲವು ಸರಪಳಿಗಳನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಕಲ್ಬಿ, ಅಬೂ ಸಾಲಿಹ್, ಇಬ್ನು ಅಬ್ಬಾಸ್ ಎಂಬ ಸಾಲು ಕಂಡರೆ ನಿಲ್ಲಿ. ಇದಕ್ಕೆ "ಕಿರಿಯ ಸುದ್ದೀ" ಎಂಬ ಹೆಸರಿನ ವರದಿಗಾರ ಮುಹಮ್ಮದ್ ಬಿನ್ ಮರ್ವಾನ್ ಸೇರಿಕೊಂಡರೆ ಅದಕ್ಕೆ ಸುಳ್ಳಿನ ಸರಪಳಿ ಎಂದೇ ಅಡ್ಡಹೆಸರು. ದಹ್ಹಾಕ್ ಅವರು ಇಬ್ನು ಅಬ್ಬಾಸರನ್ನು ಭೇಟಿಯೇ ಆಗಿಲ್ಲ, ಹಾಗಾಗಿ ಆ ದಾರಿಯೂ ಕಡಿದಿದೆ. ಇಬ್ನು ಅಬ್ಬಾಸ್ ಹೆಸರು ಕಂಡ ಕೂಡಲೇ ನೆಮ್ಮದಿಯಾಗಬೇಡಿ. ಕೆಟ್ಟ ಸರಕಿಗೆ ಒಳ್ಳೆಯ ಅಂಗಡಿಯ ಚೀಟಿ ಅಂಟಿಸುವವರು ಆಗಲೂ ಇದ್ದರು.

ಪಂಗಡ ಬದಲಾದರೆ ಅಳತೆಗೋಲೂ ಬದಲಾಗುತ್ತದೆ. ಸೂರಾ ಮಾಇದಾದ 55ನೇ ಆಯತ್, ಅಲೀ (ರ) ನಮಾಝಿನ ರುಕೂವಿನಲ್ಲಿ (ಬಾಗಿ ನಿಲ್ಲುವ ಭಂಗಿ) ಇರುವಾಗಲೇ ಉಂಗುರ ದಾನ ಮಾಡಿದ ಬಗ್ಗೆ ಇಳಿಯಿತು ಎಂಬುದು ಶಿಯಾ ವಿದ್ವಾಂಸರಿಗೆ ಗಟ್ಟಿ ವಿಷಯ. ಇಬ್ನು ಕಸೀರ್ ಸೇರಿ ಹಲವು ಸುನ್ನಿ ವಿದ್ವಾಂಸರಿಗೆ ಅದರ ಸನದ್‌ಗಳು ದುರ್ಬಲ. ಬರೆಯುವಾಗ ಯಾರ ಅಳತೆ ಎಂದು ಹೇಳಿಬಿಡಿ.

ಹಂತ 5: ಗಂಟು ಹಾಕಿದವರು ಯಾರು?

ಉರ್ವಾ ಮನೆಯ ಮೂರನೇ ವರದಿ. ತಾಯಿ ಅಸ್ಮಾ ಹೇಳುತ್ತಾರೆ: ನನ್ನ ಅಮ್ಮ ಬಂದರು, ಅವರು ಆಗ ಮುಸ್ಲಿಮರಾಗಿರಲಿಲ್ಲ, ಸಂಬಂಧ ಇಟ್ಟುಕೊಳ್ಳಲೇ ಎಂದು ಪ್ರವಾದಿವರ್ಯರಲ್ಲಿ ಕೇಳಿದೆ, ಹೌದು ಎಂದರು. ಬುಖಾರಿಯ ವರದಿಯಲ್ಲಿ ಅದರ ಮುಂದೆಯೇ ಸೂರಾ ಮುಮ್ತಹಿನಾದ 8ನೇ ಆಯತ್ ಇವರ ವಿಷಯದಲ್ಲಿ ಇಳಿಯಿತು ಎಂದಿದೆ. ಧರ್ಮದ ಹೆಸರಿನಲ್ಲಿ ನಿಮ್ಮ ಮೇಲೆ ಯುದ್ಧ ಮಾಡದವರೊಂದಿಗೆ ಒಳ್ಳೆಯದಾಗಿ ನಡೆದುಕೊಳ್ಳುವುದನ್ನು ಅಲ್ಲಾಹನು ತಡೆಯುವುದಿಲ್ಲ ಎನ್ನುವ ಆಯತ್.

ಬುಖಾರಿಯಲ್ಲಿದೆ, ಮುಗಿಯಿತಲ್ಲ? ಇಲ್ಲ. ಆ ಕೊನೆಯ ವಾಕ್ಯದ ಹಿಂದೆ ಮೂರು ಪದ ಇವೆ: "ಇಬ್ನು ಉಯೈನಾ ಹೇಳಿದರು". ಸುಫ್ಯಾನ್ ಬಿನ್ ಉಯೈನಾ ತೀರಿಕೊಂಡದ್ದು ಹಿಜರಿ 198ರಲ್ಲಿ. ಪ್ರಶ್ನೆ, ಉತ್ತರ ಅಸ್ಮಾ ಅವರದು. ಆಯತ್‌ಗೆ ಕಟ್ಟಿದ ಮಾತು, ಕನಿಷ್ಠ ಈ ವರದಿಯಲ್ಲಿ, ಸರಪಳಿಯ ಕೆಳತುದಿಯಲ್ಲಿದ್ದ ಇಬ್ನು ಉಯೈನಾರದು. ಅವರು ದೊಡ್ಡ ಇಮಾಮರೇ, ಮಾತು ಸರಿಯೂ ಇರಬಹುದು. ಆದರೆ ಕಂಡವರ ಸಾಕ್ಷಿ ಅಲ್ಲ. ಅನುವಾದಗಳಲ್ಲಿ, ಸಂಕ್ಷೇಪಗಳಲ್ಲಿ ಈ ಮೂರು ಪದ ಸುಮ್ನೆ ಉದುರಿಹೋಗುತ್ತವೆ. ಅದಕ್ಕೇ ಸಂಕ್ಷೇಪ ನಂಬದೆ ಪೂರ್ತಿ ಪಠ್ಯ ತೆರೆಯಿರಿ, ಪ್ರತಿ "ಹೇಳಿದರು" ಹಿಂದೆ ಯಾರಿದ್ದಾರೆ ಎಂದು ಬೆರಳಿಟ್ಟು ನೋಡಿ.

ಹಂತ 6: ಕಾಲ, ಸ್ಥಳ ಹೊಂದುತ್ತದೆಯೇ?

ಸೂರಾ ರಅದಿನ ಕೊನೆಯಲ್ಲಿ "ಗ್ರಂಥದ ಜ್ಞಾನವುಳ್ಳವನು" ಎಂಬ ಮಾತು ಬರುತ್ತದೆ. ಅದು ಯಹೂದಿ ವಿದ್ವಾಂಸರಾಗಿದ್ದ ಅಬ್ದುಲ್ಲಾ ಬಿನ್ ಸಲಾಮ್ ಅವರೇ ಎಂದು ಒಬ್ಬರು ಸಈದ್ ಬಿನ್ ಜುಬೈರ್ ಅವರಲ್ಲಿ ಕೇಳಿದರು. ಅದು ಹೇಗಾಗುತ್ತದೆ, ಈ ಸೂರಾ ಮಕ್ಕಾದ್ದಲ್ಲವೇ ಎಂದರು ಅವರು. ಅಬ್ದುಲ್ಲಾ ಬಿನ್ ಸಲಾಮ್ ಇಸ್ಲಾಂ ಸ್ವೀಕರಿಸಿದ್ದು ಮದೀನಾದಲ್ಲಿ. ಒಂದೇ ಸಾಲಿನಲ್ಲಿ ವಿಷಯ ಇತ್ಯರ್ಥ. ಮಕ್ಕೀ ಸೂರಾದೊಳಗೆ ಮದನೀ ಆಯತ್ ಇರಬಹುದು ಎಂದು ವಾದಿಸುವವರಿದ್ದಾರೆ, ಆದರೆ ಅದಕ್ಕೂ ಬೇರೆ ಆಧಾರ ಬೇಕು. ಕತೆಯನ್ನು ಉಳಿಸಲು ಮಾತ್ರ ಹಾಗೆನ್ನುವಂತಿಲ್ಲ.

ಹಂತ 7: ಒಂದೇ ಆಯತ್‌ಗೆ ಎರಡು ಕತೆ ಸಿಕ್ಕರೆ

ಸಿಕ್ಕೇ ಸಿಗುತ್ತವೆ. ಮೊದಲು ಒಂದು ಗಟ್ಟಿ, ಇನ್ನೊಂದು ದುರ್ಬಲ ಎನ್ನುವ ಸುಲಭದ ಪ್ರಕರಣ. ಸೂರಾ ದುಹಾ. ಪ್ರವಾದಿವರ್ಯರಿಗೆ ಹುಷಾರಿಲ್ಲದೆ ಎರಡು ಮೂರು ರಾತ್ರಿ ನಮಾಝಿಗೆ ಏಳಲಾಗಲಿಲ್ಲ, ಒಬ್ಬ ಹೆಂಗಸು ನಿನ್ನ ಶೈತಾನ ನಿನ್ನನ್ನು ಬಿಟ್ಟುಹೋದ ಹಾಗಿದೆ ಎಂದು ಹಂಗಿಸಿದಳು, ಆಗ ಸೂರಾ ಇಳಿಯಿತು. ಇದು ಜುಂದುಬ್ ಮೂಲಕ ಬುಖಾರಿ, ಮುಸ್ಲಿಂಗಳಲ್ಲಿದೆ. ತಬರಾನಿಯವರ ಹದೀಸ್ ಸಂಗ್ರಹದಲ್ಲಿ ಬೇರೆ ಕತೆ: ಮಂಚದ ಕೆಳಗೆ ನಾಯಿಮರಿ ಹೊಕ್ಕು ಸತ್ತಿತ್ತು, ಅದಕ್ಕೇ ಜಿಬ್ರೀಲ್ ಬರಲಿಲ್ಲ, ಕಸ ಗುಡಿಸುವಾಗ ಸೇವಕಿ ಖೌಲಾಗೆ ಸಿಕ್ಕಿತು, ಆಗ ಸೂರಾ ಇಳಿಯಿತು.

ಇಲ್ಲಿ ಇಬ್ನು ಹಜರ್ ಕೊಟ್ಟ ತೀರ್ಪು ನನಗೆ ತುಂಬಾ ಇಷ್ಟ. ನಾಯಿಮರಿಯಿಂದಾಗಿ ಜಿಬ್ರೀಲ್ ತಡವಾದ ಕತೆ ಪ್ರಸಿದ್ಧವೇ, ಆದರೆ ಅದು ಈ ಆಯತ್‌ಗೆ ಕಾರಣ ಎನ್ನುವುದು ವಿಚಿತ್ರ ಎನ್ನುತ್ತಾರೆ. ಸಹೀಹ್ ಮುಸ್ಲಿಂನಲ್ಲಿ ನಾಯಿಮರಿ ಘಟನೆ ಪ್ರತ್ಯೇಕವಾಗಿ ಇದೆ. ಅದನ್ನು ಹೇಳುವವರಲ್ಲಿ ಪ್ರವಾದಿವರ್ಯರ ಪತ್ನಿ ಮೈಮೂನಾ (ರ) ಒಬ್ಬರು, ಅವರ ಮದುವೆಯಾದದ್ದು ಹಿಜರಿ 7ರಲ್ಲಿ. ದುಹಾ ಮಕ್ಕಾದ ಸೂರಾ. ಘಟನೆ ನಿಜ, ಗಂಟು ಸುಳ್ಳು.

ಎರಡೂ ಸಹೀಹ್ (ಪ್ರಾಮಾಣಿಕ) ಆಗಿದ್ದರೆ ಯಾರು ಅಲ್ಲಿದ್ದರು ಎಂದು ನೋಡಿ. ರೂಹ್ (ಆತ್ಮ) ಬಗ್ಗೆ ಕೇಳುವ ಇಸ್ರಾದ 85ನೇ ಆಯತ್ ವಿಷಯದಲ್ಲಿ, ತಾನು ಮದೀನಾದ ಹೊಲದಲ್ಲಿ ಪ್ರವಾದಿಯ ಜೊತೆಗಿದ್ದೆ, ಅವರು ಖರ್ಜೂರದ ಕೋಲೂರಿ ನಿಂತಿದ್ದರು, ಯಹೂದಿಗಳು ಬಂದು ಕೇಳಿದರು ಎನ್ನುತ್ತಾರೆ ಇಬ್ನು ಮಸ್ಊದ್. ತಿರ್ಮಿದಿಯ ಪ್ರಕಾರ ಕೇಳಿದ್ದು ಕುರೈಶರು, ಹೇಳಿದವರು ಇಬ್ನು ಅಬ್ಬಾಸ್. ಸುಯೂತಿ ಇಬ್ನು ಮಸ್ಊದ್ ಪರ. ಎರಡು ಸಲ ಇಳಿದಿರಬಹುದು ಎಂಬ ಮಾತೂ ಇದೆ. ನನಗೇನೋ ಆ ಉತ್ತರ ಕೊನೆಯ ಉಪಾಯ ಅನ್ನಿಸುತ್ತದೆ. ಗಟ್ಟಿ ಕಾರಣವಿಲ್ಲದೆ ಬಳಸಿದರೆ ಯಾವ ವಿರೋಧವೂ ವಿರೋಧವೇ ಅಲ್ಲ ಎಂದಾಗಿಬಿಡುತ್ತದೆ.

ಹತ್ತಿರ ಹತ್ತಿರ ನಡೆದ ಎರಡು ಘಟನೆಗಳಿಗೆ ಒಂದೇ ಆಯತ್ ಇಳಿದಿರುವುದೂ ಸಾಧ್ಯ. ಸೂರಾ ನೂರ್‌ನ ಲಿಆನ್ ಆಯತ್‌ಗಳಿಗೆ ಹಿಲಾಲ್ ಬಿನ್ ಉಮಯ್ಯಾ, ಉವೈಮಿರ್ ಇಬ್ಬರ ವರದಿಯೂ ಬುಖಾರಿಯಲ್ಲಿದೆ. ಇಬ್ಬರೂ ಹೆಂಡತಿಯ ಮೇಲೆ ವ್ಯಭಿಚಾರದ ಆರೋಪ ಹೊತ್ತು ಬಂದವರು; ಅಂಥ ಆರೋಪವನ್ನು ಗಂಡ ಹೆಂಡತಿ ಆಣೆಯಿಟ್ಟು ಬಗೆಹರಿಸುವುದೇ ಲಿಆನ್. ಹಿಲಾಲ್ ಮೊದಲು ಬಂದರು, ಉತ್ತರ ಬರುವಷ್ಟರಲ್ಲಿ ಉವೈಮಿರ್ ಕೂಡ ಕೇಳಿದರು ಎಂದು ವಿದ್ವಾಂಸರು ಹೊಂದಿಸುತ್ತಾರೆ. ಇದು ನಂಬುವಂಥ ಹೊಂದಾಣಿಕೆ.

ಆಧುನಿಕ ವಿಶ್ವವಿದ್ಯಾಲಯಗಳಲ್ಲಿ ಇದನ್ನೇ ಬೇರೆ ಕಣ್ಣಿಂದ ನೋಡುವವರಿದ್ದಾರೆ. ಇಂಥ ವರದಿಗಳು ಬಹುತೇಕ ಆಯತ್‌ಗೆ ಅರ್ಥ ಹೇಳುವ ಕೆಲಸ ಮಾಡುತ್ತವೆ, ಇತಿಹಾಸ ದಾಖಲಿಸುವ ಕೆಲಸವಲ್ಲ ಎಂದು ಆಂಡ್ರ್ಯೂ ರಿಪ್ಪಿನ್ ವಾದಿಸಿದರು. ಹೆರಾಲ್ಡ್ ಮೊಟ್ಸ್ಕಿ ಒಂದೇ ವರದಿಯ ಎಲ್ಲ ಸನದ್‌ಗಳನ್ನೂ ಪಠ್ಯಗಳನ್ನೂ ಪಕ್ಕಪಕ್ಕ ಇಟ್ಟು, ಅದು ಎಷ್ಟು ಹಿಂದಕ್ಕೆ ಹೋಗುತ್ತದೆ ಎಂದು ಅಳೆಯುವ ದಾರಿ ತೋರಿಸಿದರು. ಒಪ್ಪಿ ಬಿಡಿ, ಎಲ್ಲ ಪಾಠಗಳನ್ನೂ ಪಕ್ಕಪಕ್ಕ ಇಡುವ ಅಭ್ಯಾಸ ಮಾತ್ರ ಕಲಿಯಬೇಕಾದ್ದೇ.

ಹಂತ 8: ಚೀಟಿ ಬರೆಯಿರಿ

"ಸಹೀಹ್", "ದಯೀಫ್" (ದುರ್ಬಲ) ಎಂದು ಒಂದೇ ಪದದಲ್ಲಿ ಮುಗಿಸಬೇಡಿ. ಘಟನೆಗೆ ಒಂದು ಸಾಲು, ಗಂಟಿಗೆ ಒಂದು ಸಾಲು. ಉರ್ವಾ ಮನೆಯ ಕೊನೆಯ ವರದಿಗೆ ನಾನು ಬರೆದಿಟ್ಟುಕೊಂಡ ಚೀಟಿ ಹೀಗಿದೆ:

*ಸೂರಾ ಅಬಸ, 1ರಿಂದ 10. ದೃಷ್ಟಿಹೀನ ಇಬ್ನು ಉಮ್ಮಿ ಮಕ್ತೂಮ್ ಬಂದಾಗ ಪ್ರವಾದಿವರ್ಯರು ಒಬ್ಬ ಮುಖಂಡನ ಜೊತೆ ಮಾತಿನಲ್ಲಿದ್ದರು. ಪದ: ನೇರವಾಗಿ ಅವರ ಬಗ್ಗೆ ಇಳಿಯಿತು ಎಂದಿದೆ. ದೃಷ್ಟಿಹೀನರೊಬ್ಬರು ಬಂದದ್ದು ಆಯತಿನಲ್ಲೇ ಇದೆ, ಹಾಗಾಗಿ ಗಂಟು ಬಿಗಿ. ಸನದ್: ತಿರ್ಮಿದಿಯಲ್ಲಿ ಹಿಶಾಮ್, ತಂದೆ ಉರ್ವಾ, ಆಯಿಶಾ. ಆದರೆ ಕೆಲವರು ಆಯಿಶಾ ಹೆಸರಿಲ್ಲದೆ ಹೇಳಿದ್ದಾರೆಂದು ತಿರ್ಮಿದಿಯೇ ಬರೆಯುತ್ತಾರೆ. ಮಾಲಿಕ್ ಅವರ ಹದೀಸ್ ಗ್ರಂಥ ಮುವತ್ತಾದಲ್ಲೂ ಉರ್ವಾರಲ್ಲೇ ನಿಲ್ಲುತ್ತದೆ. ಅಂದರೆ ಮುರ್ಸಲ್ ಆಗಿರುವ ಸಾಧ್ಯತೆ ಇದೆ. ಮುಖಂಡನ ಹೆಸರು: ತಿರ್ಮಿದಿಯಲ್ಲಿ ಇಲ್ಲ, ಬರೀ "ದೊಡ್ಡ ಮುಶ್ರಿಕರಲ್ಲಿ (ಬಹುದೇವಾರಾಧಕರಲ್ಲಿ) ಒಬ್ಬ". ತಫ್ಸೀರ್‌ಗಳಲ್ಲಿ ಒಬ್ಬರು ಉಬಯ್ಯ್ ಬಿನ್ ಖಲಫ್ ಎಂದರೆ ಇನ್ನೊಬ್ಬರು ಉತ್ಬಾ, ಅಬೂ ಜಹಲ್ ಎನ್ನುತ್ತಾರೆ. ಹೆಸರು ಬಿಟ್ಟು ಬರೆಯುವುದು.*